ಪಿಸಿ ಗೇಮ್ ಮಾರಾಟದಲ್ಲಿ ಸ್ಟೀಮ್‌ದು ಏಕಸ್ವಾಮ್ಯವಾ, ಇಲ್ಲಾ ಉಳಿದವರಿಗೆ ಕೈಲಾಗಲಿಲ್ವಾ?

ಮಲ್ನಾಡ್_ಗೇಮರ್

ಈ ಪ್ರಶ್ನೆ ಎತ್ತಿದರೆ ಜಗಳ ಗ್ಯಾರಂಟಿ ಅಂತ ಗೊತ್ತು. ಆದರೂ ಕೇಳುತ್ತೇನೆ. ಗೊತ್ತಿಲ್ಲದವರಿಗೆ: ಸ್ಟೀಮ್ ಅಂದರೆ ವಾಲ್ವ್ ಕಂಪನಿ ನಡೆಸುವ, ಪಿಸಿ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವ ಅಂಗಡಿ.

2025ರಲ್ಲಿ ಒಂದು ಸಮೀಕ್ಷೆ ಬಂತು. ಅಮೆರಿಕ ಮತ್ತು ಬ್ರಿಟನ್‌ನ ಗೇಮ್ ಕಂಪನಿಗಳ 306 ಅಧಿಕಾರಿಗಳನ್ನು ಕೇಳಿದ್ದರು. ಸ್ಟೀಮ್ ಒಂದು ಏಕಸ್ವಾಮ್ಯ ಅನ್ನುವ ಮಾತನ್ನು ಶೇ. 72ರಷ್ಟು ಮಂದಿ ಒಪ್ಪಿದರು. ಸಮೀಕ್ಷೆ ಮಾಡಿಸಿದ್ದು ರಾಕಿ ಎಂಬ ಕಂಪನಿ. ಅವರದ್ದೇ ಗೇಮ್ ಕೀ (ಗೇಮ್ ಪಡೆಯಲು ಹಾಕುವ ಕೋಡ್) ಹಂಚುವ ವ್ಯಾಪಾರ. ಹಾಗಾಗಿ ಆ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಕಾಗಿಲ್ಲ.

ಆದರೆ ಒಂದು ವಿಚಿತ್ರ ನೋಡಿ. ಗೇಮ್ ಮಾಡುವವರು ಗೊಣಗುತ್ತಾರೆ. ಗೇಮ್ ಆಡುವವರು ಸ್ಟೀಮ್ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಹೊಡೆಯೋಕೇ ಬರುತ್ತಾರೆ. ಸಾಮಾನ್ಯವಾಗಿ ದೊಡ್ಡ ಕಂಪನಿ ಅಂದರೆ ಗಿರಾಕಿಗಳೇ ಬೈಯುವುದು ಅಲ್ವಾ? ಇಲ್ಲಿ ಉಲ್ಟಾ. ಯಾಕೆ?

ಹಳೇ_ಸಿಎಸ್_ಪ್ಲೇಯರ್

ಯಾಕೆ ಅಂದರೆ ಅವರು ಒಳ್ಳೆ ಅಂಗಡಿ ನಡೆಸುತ್ತಿದ್ದಾರೆ ಗುರು. ಅಷ್ಟೇ.

ಮೊದಲು ಹೀಗಿರಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಶುರುವಾದಾಗ ಜನ ಉಗಿದಿದ್ದು ಅಷ್ಟಿಷ್ಟಲ್ಲ. ಹಾಫ್-ಲೈಫ್ 2 ಬಂದಿದ್ದು 2004ರ ನವೆಂಬರ್‌ನಲ್ಲಿ. ಡಿಸ್ಕ್ ಕೊಂಡರೂ ಸ್ಟೀಮ್ ಹಾಕಿಕೊಳ್ಳಲೇಬೇಕಿತ್ತು. ಡಯಲ್-ಅಪ್ ಕಾಲದಲ್ಲಿ! ಇಲ್ಲಿ ಸೈಬರ್ ಕೆಫೆಯಲ್ಲಿ ಕೌಂಟರ್-ಸ್ಟ್ರೈಕ್ ಆಡುತ್ತಿದ್ದ ನಮಗೆ ಸ್ಟೀಮ್ ಅಂದರೆ ಏನೋ ಅಪ್‌ಡೇಟ್ ಕೇಳುವ ಹಸಿರು ಬಣ್ಣದ ಪೀಡೆ. ಅದನ್ನು ತಪ್ಪಿಸಿ ಲ್ಯಾನ್‌ನಲ್ಲಿ ಆಡುವುದೇ ಒಂದು ವಿದ್ಯೆ ಆಗಿತ್ತು.

ಆಮೇಲೆ ಸೇಲ್ ಬಂತು, ಕ್ಲೌಡ್ ಸೇವ್ ಬಂತು, ವರ್ಕ್‌ಶಾಪ್ (ಆಟಗಾರರೇ ಮಾಡಿದ ಮಾಡ್, ಅಂದರೆ ಗೇಮ್‌ನ ಬದಲಾವಣೆಗಳನ್ನು ಹಂಚುವ ಜಾಗ) ಬಂತು. 2015ರಲ್ಲಿ ರೂಪಾಯಿಯಲ್ಲಿ ಬೆಲೆ ಬಂತು. ಅಲ್ಲಿಯವರೆಗೆ ನಾವು ಡಾಲರ್ ಲೆಕ್ಕ ಹಾಕಿಕೊಂಡು ಕೂರುತ್ತಿದ್ದೆವು. ಅದೇ ವರ್ಷ ರೀಫಂಡ್ ಕೂಡ ಬಂತು. ಕೊಂಡು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಇಷ್ಟೆಲ್ಲ ಕೊಟ್ಟವರನ್ನು ಜನ ಇಷ್ಟಪಟ್ಟರೆ ಅದು ಏಕಸ್ವಾಮ್ಯವಾ?

ಬರ್ಲಿನ್_ಕನ್ನಡಿಗ

ರೀಫಂಡ್ ವಿಷಯದಲ್ಲಿ ಸ್ವಲ್ಪ ತಡೀರಿ. ಅದೇನು ಪೂರ್ತಿ ಔದಾರ್ಯ ಅಲ್ಲ. ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2014ರಲ್ಲೇ ವಾಲ್ವ್ ಮೇಲೆ ಕೇಸ್ ಹಾಕಿತ್ತು. ಕೆಟ್ಟ ಸರಕಿಗೆ ದುಡ್ಡು ವಾಪಸ್ ಕೇಳುವ ಹಕ್ಕು ಅಲ್ಲಿನ ಕಾನೂನಿನಲ್ಲೇ ಇದೆ. ಸ್ಟೀಮ್ ಆ ಹಕ್ಕು ಇಲ್ಲ ಅಂತ ಹೇಳಿಕೊಂಡು ಬಂದಿತ್ತು. 2016ರಲ್ಲಿ ಕೋರ್ಟ್ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಎಲ್ಲರಿಗೂ ರೀಫಂಡ್ ಬಂದಿದ್ದು ಈ ಕೇಸ್ ನಡೆಯುತ್ತಿದ್ದಾಗಲೇ.

ಯುರೋಪಿನದ್ದೂ ಇದೆ. ಪೋಲೆಂಡ್, ಹಂಗೆರಿ, ರೊಮೇನಿಯಾ ಮುಂತಾದ ಕಡೆ ಕಡಿಮೆ ಬೆಲೆಗೆ ಮಾರಿದ ಕೆಲವು ಗೇಮ್‌ಗಳ ಕೀ ನಮ್ಮ ಜರ್ಮನಿಯಲ್ಲಿ ಓಡದ ಹಾಗೆ ಲಾಕ್ ಮಾಡಿದ್ದರು. ಒಂದೇ ಮಾರುಕಟ್ಟೆ ಅಂತ ಇರುವ ಕಡೆ ಹಾಗೆ ಮಾಡುವಂತಿಲ್ಲ. 2021ರ ಜನವರಿಯಲ್ಲಿ ವಾಲ್ವ್‌ಗೂ ಐದು ಪ್ರಕಾಶಕರಿಗೂ ಸೇರಿ 78 ಲಕ್ಷ ಯುರೋ ದಂಡ. ಉಳಿದ ಐವರು ತನಿಖೆಗೆ ಸಹಕರಿಸಿ ರಿಯಾಯಿತಿ ಪಡೆದರು. ವಾಲ್ವ್ ಒಪ್ಪಲಿಲ್ಲ, ಅಪೀಲು ಹೋಯಿತು, 2023ರಲ್ಲಿ ಸೋತಿತು.

ನಾನೂ ಸ್ಟೀಮ್‌ನಲ್ಲೇ ಕೊಳ್ಳುವವನು. ಆದರೆ ದೇವಸ್ಥಾನ ಕಟ್ಟುವುದು ಬೇಡ.

ಕರಿಕೋಟು

ಇಲ್ಲಿ ಎರಡು ವಿಷಯ ಒಂದಕ್ಕೊಂದು ಕಲಸಿ ಹೋಗಿವೆ. ದೊಡ್ಡದಾಗಿರುವುದು ಬೇರೆ, ದೊಡ್ಡತನವನ್ನು ದುರುಪಯೋಗ ಮಾಡುವುದು ಬೇರೆ. ಕಾನೂನು ಕೇಳುವುದು ಎರಡನೆಯದನ್ನು.

ಅಮೆರಿಕದ ಶೆರ್ಮನ್ ಕಾಯ್ದೆ 1890ರದು. 1966ರ ಗ್ರಿನೆಲ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ಅಳತೆಗೋಲು. ಮಾರುಕಟ್ಟೆ ಮೇಲೆ ಹಿಡಿತ ಇರಬೇಕು, ಜೊತೆಗೆ ಆ ಹಿಡಿತವನ್ನು ಬೇಕಂತಲೇ ದಕ್ಕಿಸಿಕೊಂಡಿರಬೇಕು ಅಥವಾ ಉಳಿಸಿಕೊಂಡಿರಬೇಕು. ಸರಕು ಚೆನ್ನಾಗಿದ್ದು, ವ್ಯಾಪಾರದಲ್ಲಿ ಜಾಣತನ ಇದ್ದು, ಕಾಲ ಕೂಡಿ ಬಂದು ಬೆಳೆದರೆ ಅದು ಅಪರಾಧ ಅಲ್ಲ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಕೂಡ ಇದೇ ದಾರಿ. ಪ್ರಬಲ ಸ್ಥಾನದಲ್ಲಿ ಇರುವುದನ್ನು ಅದು ತಡೆಯುವುದಿಲ್ಲ. ಆ ಸ್ಥಾನದ ದುರುಪಯೋಗವನ್ನು ತಡೆಯುತ್ತದೆ.

ಫೋರ್ಟ್‌ನೈಟ್ ಗೇಮ್ ಮಾಡಿದ, ಸ್ಟೀಮ್‌ನಂಥದ್ದೇ ಅಂಗಡಿ ನಡೆಸುವ ಎಪಿಕ್ ಕಂಪನಿಯ ಎರಡು ಕೇಸು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಆಪ್ ಅಂಗಡಿಯ ಶೇ. 30 ಕಮಿಷನ್ ಕುರಿತ ಜಗಳ. ಆಪಲ್ ವಿರುದ್ಧದ್ದರಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಗೊನ್ಜಾಲೆಸ್ ರೋಜರ್ಸ್, ಏಕಸ್ವಾಮ್ಯ ಸಾಬೀತಾಗಿಲ್ಲ ಅಂದರು. ಆಪಲ್‌ಗೆ ಶೇ. 55ಕ್ಕೂ ಹೆಚ್ಚು ಪಾಲು ಇದೆ ಅಂತ ಒಪ್ಪಿಕೊಂಡೂ ಹಾಗೆ ಹೇಳಿದರು. ಗೂಗಲ್ ವಿರುದ್ಧದ್ದರಲ್ಲಿ 2023ರ ಡಿಸೆಂಬರ್‌ನಲ್ಲಿ ಜ್ಯೂರಿ, ಏಕಸ್ವಾಮ್ಯ ಹೌದು ಅಂದಿತು. ಅಲ್ಲಿ ಗೂಗಲ್ ಫೋನ್ ಕಂಪನಿಗಳ ಜೊತೆ, ದೊಡ್ಡ ಗೇಮ್ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದಗಳ ಕಾಗದಗಳು ಜ್ಯೂರಿಯ ಮುಂದೆ ಬಂದಿದ್ದವು.

ಹಾಗಾಗಿ ಸ್ಟೀಮ್ ಎಷ್ಟು ದೊಡ್ಡದು ಅಂತ ಅಳೆಯುತ್ತಾ ಕೂತರೆ ಉಪಯೋಗ ಇಲ್ಲ. ಅದು ಏನು ಮಾಡುತ್ತಿದೆ ಅಂತ ಕೇಳಿ.

ಸುಮ್ನೆ_ಓದೋನು

ಏನು ಮಾಡುತ್ತಿದೆ? ಏನೂ ಮಾಡುತ್ತಿಲ್ಲ! ಉಳಿದವರೇ ಓಡಿ ಹೋಗಿ ಕಾಲು ಮುರಿದುಕೊಂಡು ವಾಪಸ್ ಬಂದರು. ಗೇಮ್ ಕಂಪನಿ ಇಎ 2011ರಲ್ಲಿ ಒರಿಜಿನ್ ಅಂತ ತನ್ನದೇ ಅಂಗಡಿ ಮಾಡಿತು, 2019ರಲ್ಲಿ ಸ್ಟೀಮ್‌ಗೆ ಬಂತು. ಯೂಬಿಸಾಫ್ಟ್ 2019ರಲ್ಲಿ ಹೊಸ ಗೇಮ್‌ಗಳನ್ನು ಸ್ಟೀಮ್‌ಗೆ ಕೊಡುವುದು ನಿಲ್ಲಿಸಿತು, 2022ರ ಕೊನೆಗೆ ಬಂತು. ಬೆಥೆಸ್ಡಾ ತನ್ನ ಲಾಂಚರ್‌ಗೆ (ಗೇಮ್ ಕೊಂಡು ಓಡಿಸುವ ಆಪ್) 2022ರಲ್ಲಿ ಬಾಗಿಲು ಹಾಕಿತು. ಕಾಲ್ ಆಫ್ ಡ್ಯೂಟಿ ಕೂಡ 2022ರಲ್ಲಿ ಬಂತು. ಯಾರೂ ಅವರನ್ನು ತಡೆಯಲಿಲ್ಲ. ಯಾರೂ ಎಳೆದು ತರಲೂ ಇಲ್ಲ.

ಎಪಿಕ್ ಅಂತೂ ದುಡ್ಡು ಸುರಿಯಿತು. ವಾರ ವಾರ ಪುಕ್ಕಟೆ ಗೇಮ್. 2020ರ ಮೇನಲ್ಲಿ ಜಿಟಿಎ 5 ಪುಕ್ಕಟೆ ಕೊಟ್ಟಾಗ ಅವರ ಸೈಟೇ ಬಿದ್ದು ಹೋಯಿತು. ಜನ ಪುಕ್ಕಟೆ ತೆಗೆದುಕೊಂಡರು, ದುಡ್ಡು ಕೊಟ್ಟು ಕೊಳ್ಳಲು ಸ್ಟೀಮ್‌ಗೆ ಹೋದರು. ಅವರ ಅಂಗಡಿ 2019ರಲ್ಲಿ ಸುಮಾರು 18 ಕೋಟಿ ಡಾಲರ್ ಕಳೆದುಕೊಂಡಿತು ಅಂತ ಆಪಲ್ ಕೇಸಿನ ಕಾಗದಗಳಲ್ಲೇ ಬಂತು.

ಪಿಕ್ಸೆಲ್_ಪುಟ್ಟಿ

ಅದೇ ಅಲ್ವಾ ಸಮಸ್ಯೆ? ಅಷ್ಟು ದುಡ್ಡು ಸುರಿದರೂ ಜನ ಕದಲುವುದಿಲ್ಲ ಅಂದರೆ, ಬೇರೆ ಯಾರಾದರೂ ಪೈಪೋಟಿಗೆ ಇಳಿಯುವುದಾದರೂ ಹೇಗೆ? ನನ್ನ ಲೈಬ್ರರಿ ಪೂರ್ತಿ ಅಲ್ಲಿದೆ. ಗೆಳೆಯರ ಪಟ್ಟಿ ಅಲ್ಲಿದೆ. ಅಚೀವ್‌ಮೆಂಟ್, ಸೇವ್, ಮಾಡ್ ಎಲ್ಲಾ ಅಲ್ಲಿದೆ. ನಾಳೆ ಇನ್ನೊಂದು ಅಂಗಡಿ ಇದಕ್ಕಿಂತ ಚೆನ್ನಾಗಿ ಬಂದರೂ ಇದನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಲು ಆಗುವುದಿಲ್ಲ.

ಅದೂ ನನ್ನದಾ? ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಕಾನೂನು ಬಂದ ಮೇಲೆ ಸ್ಟೀಮ್‌ನ ಕಾರ್ಟ್‌ನಲ್ಲೇ ಬರೆದಿದ್ದಾರೆ, ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಅಂತ. ಖಾತೆಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ನಾನು ಸತ್ತ ಮೇಲೆ ನನ್ನ ಮಗಳಿಗೆ ನನ್ನ ಬಳೆ ಸಿಗುತ್ತದೆ, ಬಾಲ್ಡರ್ಸ್ ಗೇಟ್ 3 ಸಿಗುವುದಿಲ್ಲ.

ಹಳೇ_ಸಿಎಸ್_ಪ್ಲೇಯರ್

ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗಿ ಮೇಡಂ.

ತಮಾಷೆ ಬಿಡಿ. ಲೈಸೆನ್ಸ್ ಕಥೆ ಎಪಿಕ್‌ನಲ್ಲೂ ಇದೆ, ಪ್ಲೇಸ್ಟೇಷನ್‌ನಲ್ಲೂ ಇದೆ. ಬೇಡ ಅಂದರೆ ಜಿಒಜಿ ಅನ್ನುವ ಅಂಗಡಿ ಇದೆ, ಅಲ್ಲಿ ಡಿಆರ್‌ಎಂ (ಕಾಪಿ ಆಗದಂತೆ ಹಾಕುವ ಬೀಗ) ಇಲ್ಲದ ಇನ್‌ಸ್ಟಾಲರ್ ಫೈಲ್ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. 2008ರಿಂದ ಇದೆ. ಇಷ್ಟು ಹಕ್ಕಿನ ಮಾತಾಡುವ ಜನ ಅಲ್ಲಿ ಎಷ್ಟು ಕೊಳ್ಳುತ್ತಾರೆ?

ಇನ್ನೊಂದು ವಿಷಯ. ಮಾರುಕಟ್ಟೆ ಅಂದರೆ ಯಾವುದು? ಫೋರ್ಟ್‌ನೈಟ್, ರೋಬ್ಲಾಕ್ಸ್, ಮೈನ್‌ಕ್ರಾಫ್ಟ್, ವ್ಯಾಲೊರಂಟ್, ಲೀಗ್ ಆಫ್ ಲೆಜೆಂಡ್ಸ್. ಒಂದೂ ಸ್ಟೀಮ್‌ನಲ್ಲಿ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಆಡುವ ಪಿಸಿ ಗೇಮ್‌ಗಳು ಇವು. ಸ್ಟೀಮ್ ಇಲ್ಲದೆ ಬದುಕಲು ಆಗಲ್ಲ ಅನ್ನುವ ಮಾತು ಎಲ್ಲಿ ನಿಂತಿತು?

ಕೋಡ್_ಮತ್ತು_ಕಾಫಿ

ಆ ಐದೂ ಗೇಮ್‌ಗಳ ಹಿಂದೆ ಇರುವುದು ಸಾವಿರಾರು ಕೋಟಿಯ ಕಂಪನಿಗಳು. ನಮ್ಮಂಥ ಮೂರು ಜನರ ಸ್ಟುಡಿಯೊ ಅವರ ದಾರಿ ಹಿಡಿಯಲು ಆಗುತ್ತದಾ?

ಲೆಕ್ಕ ಹೇಳುತ್ತೇನೆ, ಇಷ್ಟು ಹೊತ್ತು ಯಾರೂ ಹೇಳಲಿಲ್ಲ. ಭಾರತದಲ್ಲಿ ಒಂದು ಗೇಮ್ 499 ರೂಪಾಯಿ ಅಂದುಕೊಳ್ಳಿ. ಅದರಲ್ಲಿ ಶೇ. 18 ಜಿಎಸ್‌ಟಿ ಸೇರಿದೆ, ಅಂದರೆ 76 ರೂಪಾಯಿ. ಉಳಿದಿದ್ದು 423. ಅದರಲ್ಲಿ ಶೇ. 30 ಸ್ಟೀಮ್‌ಗೆ, 127. ನನ್ನ ಕೈಗೆ 296. ಬ್ಯಾಂಕಿನವರದ್ದು, ನಮ್ಮ ಆದಾಯ ತೆರಿಗೆ ಇನ್ನೂ ಆಮೇಲೆ.

ಈಗ ಎಪಿಕ್. ಅವರು 2018ರ ಡಿಸೆಂಬರ್‌ನಲ್ಲಿ ಬಂದಾಗಿನಿಂದ ಸಾಮಾನ್ಯ ದರ ಶೇ. 12 (2025ರ ರಿಯಾಯಿತಿ ಸದ್ಯಕ್ಕೆ ಬಿಡಿ, ಅದು ಆಮೇಲೆ). ಅದೇ 499ಕ್ಕೆ ಮಾರಿದರೆ ನನಗೆ 372. ವ್ಯತ್ಯಾಸ 76 ರೂಪಾಯಿ. ಸರ್ಕಾರ ತೆಗೆದುಕೊಂಡಷ್ಟೇ!

ಇಲ್ಲಿಂದ ಮುಂದೆ ನಿಧಾನ ಓದಿ. ಎಪಿಕ್‌ನಲ್ಲಿ ನಾನು ಬೆಲೆಯನ್ನು 420ಕ್ಕೆ ಇಳಿಸಿದೆ ಅಂದುಕೊಳ್ಳಿ. ಜಿಎಸ್‌ಟಿ ಕಳೆದು, ಶೇ. 12 ಕಳೆದು ನನಗೆ 313 ಉಳಿಯುತ್ತದೆ. ಸ್ಟೀಮ್‌ಗಿಂತ 17 ಜಾಸ್ತಿ. ನಿಮಗೆ 79 ರೂಪಾಯಿ ಉಳಿತಾಯ. ಇಬ್ಬರಿಗೂ ಲಾಭ. ಹಾಗಾದರೆ ಎಪಿಕ್‌ನಲ್ಲಿ ಎಲ್ಲ ಗೇಮ್‌ಗಳೂ ಸ್ಟೀಮ್‌ಗಿಂತ ಅಗ್ಗ ಇರಬೇಕಿತ್ತು ಅಲ್ವಾ? ಇವೆಯಾ?

ಮಲ್ನಾಡ್_ಗೇಮರ್

ಇಲ್ಲ. ಸೇಲ್ ಬಿಟ್ಟರೆ ಬಹುತೇಕ ಒಂದೇ ಬೆಲೆ. ಯಾಕೆ?

ಕೋಡ್_ಮತ್ತು_ಕಾಫಿ

ಅದೇ ಈಗ ಸಿಯಾಟಲ್ ಕೋರ್ಟ್‌ನಲ್ಲಿ ಇರುವ ಪ್ರಶ್ನೆ.

ಓವರ್‌ಗ್ರೋತ್ ಗೇಮ್ ಮಾಡಿದ ವುಲ್ಫೈರ್ ಕಂಪನಿ 2021ರ ಏಪ್ರಿಲ್‌ನಲ್ಲಿ ವಾಲ್ವ್ ಮೇಲೆ ಕೇಸ್ ಹಾಕಿತು. ಅದರ ಡೇವಿಡ್ ರೋಸೆನ್, ಗೇಮ್‌ಗಳನ್ನು ಕಂತೆ ಕಟ್ಟಿ ಮಾರುವ ಹಂಬಲ್ ಬಂಡಲ್ ಶುರು ಮಾಡಿದವರಲ್ಲಿ ಒಬ್ಬರು. ಅವರು ಹೇಳುವುದು ಇಷ್ಟು. ಕಮಿಷನ್ ಕಡಿಮೆ ಇರುವ ಕಡೆ ಗೇಮನ್ನು ಕಡಿಮೆ ಬೆಲೆಗೆ ಮಾರುತ್ತೇನೆ ಅಂತ ವಾಲ್ವ್‌ಗೆ ತಿಳಿಸಿದೆ, ಹಾಗೆ ಮಾಡಿದರೆ ಸ್ಟೀಮ್‌ನಿಂದ ತೆಗೆಯುತ್ತೇವೆ ಅಂದರು. ಸ್ಟೀಮ್ ಕೀ ಕೊಡದೆ, ಬೇರೆಯದೇ ಕಾಪಿ ಮಾರಿದರೂ ಅದೇ ಉತ್ತರ ಅಂತ ಅವರ ಆರೋಪ. ವಾಲ್ವ್ ಇದನ್ನು ಒಪ್ಪುವುದಿಲ್ಲ. ಬೆಲೆಯ ನಿಯಮ ಸ್ಟೀಮ್ ಕೀಗಳಿಗೆ ಮಾತ್ರ ಅನ್ನುತ್ತದೆ.

ಕೀ ವಿಷಯದಲ್ಲಿ ನಿಯಮ ಇರುವುದು ನ್ಯಾಯವೇ, ಅದನ್ನೂ ಹೇಳಿಬಿಡುತ್ತೇನೆ. ಸ್ಟೀಮ್ ಕೀಗಳನ್ನು ಡೆವಲಪರ್‌ಗೆ ಪುಕ್ಕಟೆ ಕೊಡುತ್ತದೆ. ಹೊರಗೆ ಮಾರಿದರೆ ಒಂದು ಪೈಸೆ ಕಮಿಷನ್ ಇಲ್ಲ. ಡೌನ್‌ಲೋಡ್ ಖರ್ಚು ಅವರದ್ದೇ. ಅಂಥದ್ದನ್ನು ನಾನು ಹೊರಗೆ ಅಗ್ಗಕ್ಕೆ ಮಾರಿ ಅವರ ಬುಡಕ್ಕೇ ಕೊಡಲಿ ಹಾಕಿದರೆ ಯಾರು ಸುಮ್ಮನಿರುತ್ತಾರೆ? ಜಗಳ ಇರುವುದು ಕೀ ಇಲ್ಲದ ಮಾರಾಟದ ಬಗ್ಗೆ.

ಕರಿಕೋಟು

ಆ ಕೇಸಿನ ಹಾದಿ ಕುತೂಹಲದ್ದು. 2021ರ ನವೆಂಬರ್‌ನಲ್ಲಿ ನ್ಯಾಯಾಧೀಶ ಕೌಗ್‌ನೌರ್ ಅದನ್ನು ವಜಾ ಮಾಡಿದ್ದರು. ಕಾರಣಗಳಲ್ಲಿ ಒಂದು, ಸ್ಟೀಮ್ ಪುಟ್ಟದಾಗಿದ್ದಾಗಲೂ ಶೇ. 30, ದೊಡ್ಡದಾದಾಗಲೂ ಶೇ. 30. ಹಿಡಿತ ಬಂದ ಮೇಲೆ ಬೆಲೆ ಏರಿಸಿಲ್ಲ ಅಂದ ಮೇಲೆ ಹಿಡಿತದ ದುರುಪಯೋಗ ಎಲ್ಲಿ ಬಂತು? ಒಳ್ಳೆ ಪ್ರಶ್ನೆ.

ವುಲ್ಫೈರ್ ದೂರನ್ನು ತಿದ್ದಿ ತಂದಿತು. ಈ ಸಲ ಹಳೆಯ ಕಥೆ ಸೇರಿಸಿತ್ತು. ಕೌಂಟರ್-ಸ್ಟ್ರೈಕ್‌ನಂಥವು ಆನ್‌ಲೈನ್ ಓಡುತ್ತಿದ್ದ ವಾನ್ ಎಂಬ ಜಾಲವನ್ನು ವಾಲ್ವ್ ಕೊಂಡು, 2004ರಲ್ಲಿ ಮುಚ್ಚಿ, ಆಟಗಾರರನ್ನೆಲ್ಲ ಸ್ಟೀಮ್‌ಗೆ ಅಟ್ಟಿತು ಅಂತ. ಅಂದರೆ ಪುಟ್ಟದಾಗಿದ್ದಾಗಲೇ ಹಿಡಿತ ಇತ್ತು ಅನ್ನುವ ವಾದ. 2022ರ ಮೇನಲ್ಲಿ ಕೇಸಿನ ಮುಖ್ಯ ಭಾಗ ಉಳಿಯಿತು. 2024ರ ನವೆಂಬರ್‌ನಲ್ಲಿ ಅದು ಕ್ಲಾಸ್ ಆಕ್ಷನ್ ಆಯಿತು. 2017ರ ಜನವರಿ 28ರಿಂದ ಈಚೆಗೆ ಸ್ಟೀಮ್‌ಗೆ ಕಮಿಷನ್ ಕಟ್ಟಿದ ಡೆವಲಪರ್‌ಗಳ ಪರವಾಗಿ. ಗಮನಿಸಿ, ಇದರ ಅರ್ಥ ವಾಲ್ವ್ ತಪ್ಪು ಮಾಡಿದೆ ಅಂತ ಅಲ್ಲ. ಎಲ್ಲರ ದೂರು ಒಟ್ಟಿಗೆ ಕೇಳಬಹುದು ಅಂತ, ಅಷ್ಟೇ. ಬ್ರಿಟನ್‌ನಲ್ಲಿ 2024ರಲ್ಲಿ ಗ್ರಾಹಕರ ಪರವಾಗಿ ಇನ್ನೊಂದು ದಾವೆ ಹೂಡಿದ್ದಾರೆ, 65 ಕೋಟಿ 60 ಲಕ್ಷ ಪೌಂಡ್ ಕೇಳಿ. ಅಲ್ಲೂ ಬೆಲೆಯ ಇದೇ ತಕರಾರು ಮುಖ್ಯ.

ಸುಮ್ನೆ_ಓದೋನು

ಆದರೆ ಸ್ಟೀಮ್‌ನಲ್ಲಿ ಇಲ್ಲದ ಗೇಮ್‌ಗಳಾದರೂ ಅಗ್ಗ ಇದ್ದವಾ? ಬಾರ್ಡರ್‌ಲ್ಯಾಂಡ್ಸ್ 3 ಪಿಸಿಯಲ್ಲಿ ಆರು ತಿಂಗಳು ಎಪಿಕ್‌ನಲ್ಲಿ ಮಾತ್ರ ಇತ್ತು. ಬೆಲೆ 60 ಡಾಲರ್. ಸ್ಟೀಮ್‌ನ ಯಾವ ನಿಯಮ ಅಲ್ಲಿ ಅಡ್ಡ ಬಂತು? ಕಮಿಷನ್‌ನಲ್ಲಿ ಉಳಿದ ಶೇ. 18 ಪ್ರಕಾಶಕರ ಜೇಬಿಗೆ. ಕಮಿಷನ್ ಇಳಿದರೆ ನಮಗೆ ಬೆಲೆ ಇಳಿಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಕೋಡ್_ಮತ್ತು_ಕಾಫಿ

ಎರಡೂ ಆಗಿದೆ. ಮೆಟ್ರೋ ಎಕ್ಸೋಡಸ್ ಅಮೆರಿಕದಲ್ಲಿ ಸ್ಟೀಮ್‌ನಲ್ಲಿ 60 ಡಾಲರ್ ಇತ್ತು, 2019ರಲ್ಲಿ ಎಪಿಕ್‌ಗೆ ಹೋದಾಗ 50 ಆಯಿತು. ಅಲನ್ ವೇಕ್ 2 ಕನ್ಸೋಲ್‌ನಲ್ಲಿ 60, ಪಿಸಿಯಲ್ಲಿ ಎಪಿಕ್‌ನಲ್ಲಿ 50. ದೊಡ್ಡ ಪ್ರಕಾಶಕರು ಇಳಿಸದೆ ಇರಬಹುದು, ಒಪ್ಪುತ್ತೇನೆ. ನನ್ನಂಥವನಿಗೆ ಹೆಸರಿಲ್ಲ, ಜಾಹೀರಾತಿಗೆ ದುಡ್ಡಿಲ್ಲ. ನನ್ನ ಹತ್ತಿರ ಇರುವ ಒಂದೇ ಆಯುಧ ಬೆಲೆ. ಅದನ್ನೂ ಬಳಸಲು ಹೆದರಿಕೆ ಆಗಬೇಕು ಅಂದರೆ ಹೇಗೆ?

ದೊಡ್ಡವರ ಬಗ್ಗೆ ಮಾತು ಬಂತಲ್ಲ, ಇದನ್ನೂ ಕೇಳಿ. ಎಪಿಕ್ ಬರುವ ಕೆಲವೇ ದಿನ ಮುಂಚೆ ಸ್ಟೀಮ್ ಹೊಸ ಮೆಟ್ಟಿಲು ಮಾಡಿತು. ಒಂದು ಗೇಮ್‌ನ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಅಲ್ಲಿಂದ ಮುಂದೆ ಶೇ. 25, 5 ಕೋಟಿ ದಾಟಿದರೆ ಶೇ. 20. ಹೊಟ್ಟೆ ತುಂಬಿದವರಿಗೆ ರಿಯಾಯಿತಿ. ನಮಗೆ ಪೂರ್ತಿ 30. ಎಪಿಕ್ ಈಗ 2025ರಿಂದ ಉಲ್ಟಾ ಮಾಡಿದೆ. ಒಂದು ಗೇಮ್‌ಗೆ ವರ್ಷದ ಮೊದಲ 10 ಲಕ್ಷ ಡಾಲರ್‌ವರೆಗೆ ಕಮಿಷನ್ನೇ ಇಲ್ಲ.

ಮಲ್ನಾಡ್_ಗೇಮರ್

ಈಗ ಅರ್ಥ ಆಗುತ್ತಿದೆ. ಇದು ನಮ್ಮ ಕಡೆ ಅಡಿಕೆ ಮಂಡಿ ಇದ್ದ ಹಾಗೆ. ಬೇರೆ ಕಡೆ ಮಾರಬೇಡ ಅಂತ ಯಾರೂ ಕಟ್ಟಿ ಹಾಕಿಲ್ಲ. ಆದರೆ ಖರೀದಿದಾರರೆಲ್ಲ ಮಂಡಿಯಲ್ಲೇ ಕೂತಿದ್ದಾರೆ.

ಕೋಡ್_ಮತ್ತು_ಕಾಫಿ

ಮಂಡಿಯವರು ಕಮಿಷನ್ ತೆಗೆದುಕೊಳ್ಳುತ್ತಾರೆ, ಸರಿ. ಆದರೆ ಉಳಿದ ಅಡಿಕೆಯನ್ನು ಹೊರಗೆ ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಅಂತ ಹೇಳುವುದಿಲ್ಲವಲ್ಲ. ವುಲ್ಫೈರ್‌ನ ಆರೋಪ ಕೋರ್ಟ್‌ನಲ್ಲಿ ನಿಂತರೆ ನಾನು ಏಕಸ್ವಾಮ್ಯ ಅನ್ನುತ್ತೇನೆ. ಬಿದ್ದು ಹೋದರೆ ಸ್ಟೀಮ್ ಬರೀ ದೊಡ್ಡ ಅಂಗಡಿ. ನನ್ನ ಮಟ್ಟಿಗೆ ಇಡೀ ಜಗಳ ಇಷ್ಟರ ಮೇಲೆ ನಿಂತಿದೆ.

ಹಳೇ_ಸಿಎಸ್_ಪ್ಲೇಯರ್

ಆ ಶೇ. 30ಕ್ಕೆ ಏನು ಸಿಗುತ್ತದೆ ಅಂತಲೂ ಹೇಳಿ. 2025ರಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಜನ ಸ್ಟೀಮ್ ತೆರೆದಿದ್ದರು. ಅಂಥ ಜನಸಾಗರದ ಮುಂದೆ ನಿಮ್ಮ ಗೇಮ್ ಇಡಲು 100 ಡಾಲರ್ ಶುಲ್ಕ. ಅದೂ 1000 ಡಾಲರ್ ಗಳಿಸಿದ ಮೇಲೆ ವಾಪಸ್. ಪ್ರೋಟಾನ್ ಮಾಡಿ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಿದವರು ಅವರು. ಅದು ಮುಕ್ತ ತಂತ್ರಾಂಶ, ಬೇರೆಯವರೂ ಬಳಸುತ್ತಿದ್ದಾರೆ.

ಕೋಡ್_ಮತ್ತು_ಕಾಫಿ

ಸಿಗುತ್ತದೆ, ಇಲ್ಲ ಅನ್ನಲ್ಲ. ಆದರೆ 2024 ಒಂದೇ ವರ್ಷ ಸ್ಟೀಮ್‌ಗೆ 18 ಸಾವಿರಕ್ಕೂ ಹೆಚ್ಚು ಗೇಮ್ ಬಂದಿವೆ. ಆ 4 ಕೋಟಿ ಜನರಲ್ಲಿ ನನ್ನ ಗೇಮ್ ಯಾರ ಕಣ್ಣಿಗೆ ಬೀಳಬೇಕು ಅನ್ನುವುದನ್ನು ಅವರ ಲೆಕ್ಕಾಚಾರ ತೀರ್ಮಾನ ಮಾಡುತ್ತದೆ. ಜನ ಗೇಮನ್ನು ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬೇಕು ಅಂತ ಗುರುತು ಹಾಕುವ ಪಟ್ಟಿ) ಹಾಕುವಂತೆ ಮಾಡುವ ಕೆಲಸ ನನ್ನದೇ. ರೀಲ್ಸ್ ಮಾಡಿ, ಗುಂಪುಗಳಲ್ಲಿ ಅಂಗಲಾಚಿ ಜನರನ್ನು ಸ್ಟೀಮ್‌ಗೆ ಕಳಿಸುವವನೂ ನಾನೇ. ಹಾಗೆ ನಾನೇ ಕಳಿಸಿದವರು ಕೊಂಡರೂ ಶೇ. 30 ಹೋಗುತ್ತದೆ.

ವುಲ್ಫೈರ್ ಕೇಸಿನಲ್ಲಿ ಗುಟ್ಟಿನ ಭಾಗಕ್ಕೆ ಸರಿಯಾಗಿ ಮಸಿ ಬಳಿಯದ ಕಾಗದಗಳು ಹೊರಗೆ ಬಂದವು. 2021ರಲ್ಲಿ ಇಡೀ ವಾಲ್ವ್‌ನಲ್ಲಿ 336 ಜನ. ಅದರಲ್ಲಿ ಸ್ಟೀಮ್ ನೋಡಿಕೊಳ್ಳುವವರು 79. ಎಂಬತ್ತು ಜನರೂ ಇಲ್ಲ! ಪೈಪೋಟಿ ನಿಜವಾಗಿ ಕುತ್ತಿಗೆಗೆ ಬಂದಿದ್ದರೆ ಆ ಶೇ. 30 ಇಷ್ಟು ವರ್ಷ ಹಾಗೇ ಇರುತ್ತಿತ್ತಾ? ಮೈಕ್ರೋಸಾಫ್ಟ್ ತನ್ನ ಪಿಸಿ ಅಂಗಡಿಯಲ್ಲಿ 2021ರಲ್ಲೇ ಶೇ. 12ಕ್ಕೆ ಇಳಿಸಿತು.

ಬರ್ಲಿನ್_ಕನ್ನಡಿಗ

ಅಡ್ಡ ಮಾತು. ಸ್ಟೀಮ್ ಮೇಲೂ ಒಬ್ಬರು ಇದ್ದಾರೆ. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಸ್ಟೀಮ್ ಕೆಲವು ವಯಸ್ಕರ ಗೇಮ್‌ಗಳನ್ನು ತೆಗೆದು ಹಾಕಿತು. ಇಚ್ ಅನ್ನುವ ಸಣ್ಣ ಡೆವಲಪರ್‌ಗಳ ಅಂಗಡಿ ಅಂತೂ ಅಂಥ ಗೇಮ್‌ಗಳನ್ನೆಲ್ಲ ಒಂದೇ ಏಟಿಗೆ ಹುಡುಕಾಟದಿಂದ ಮರೆ ಮಾಡಿತು. ಆ ಗೇಮ್‌ಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನಾದರೂ ಇರಲಿ. ಯಾವ ಅಂಗಡಿ ಏನು ಮಾರಬೇಕು ಅಂತ ಕಾರ್ಡ್ ಕಂಪನಿಗಳು ಹೇಳುವ ಸ್ಥಿತಿ ಬಂದಿದೆ. ಅಲ್ಲಿ ಎಷ್ಟು ಪೈಪೋಟಿ ಇದೆ ಅಂತ ಯಾರೂ ಕೇಳುತ್ತಿಲ್ಲ.

ಪಿಕ್ಸೆಲ್_ಪುಟ್ಟಿ

ಅದಕ್ಕೆ ಬೇರೆ ಎಳೆಯೇ ಬೇಕು, ಶುರು ಮಾಡಿ.

ನನ್ನದು ಒಂದು ಮಾತು. ನಾವು ಆಡುವವರು ಸ್ಟೀಮ್ ಪರ ಇಷ್ಟು ವಕಾಲತ್ತು ಮಾಡುವುದು ಯಾಕೆ ಅಂದರೆ ಆ 127 ರೂಪಾಯಿ ನಮ್ಮ ಬಿಲ್‌ನಲ್ಲಿ ಕಾಣುವುದಿಲ್ಲ. ಕಟ್ಟುವವರು ಕೋಡ್ ಅಣ್ಣನಂಥವರು, ಸೌಲಭ್ಯ ನಮಗೆ. ಕಾರ್ಟ್‌ನಲ್ಲಿ ಸ್ಟೀಮ್ ಕಮಿಷನ್ ಅಂತ ಬೇರೆ ಸಾಲು ಬಂದಿದ್ದರೆ ಇಲ್ಲಿನ ಅರ್ಧ ಜನ ಪಕ್ಷ ಬದಲಾಯಿಸುತ್ತಿದ್ದರು. ಮಲ್ನಾಡ್ ಮೊದಲು ಕೇಳಿದ ಉಲ್ಟಾ ಪ್ರಶ್ನೆಗೆ ಇದೇ ಉತ್ತರ ಅಂತ ನನಗೆ ಅನಿಸುತ್ತದೆ.

ಸುಮ್ನೆ_ಓದೋನು

ಬಂದರೂ ನಾನು ಸ್ಟೀಮ್‌ನಲ್ಲೇ ಕೊಳ್ಳುತ್ತೇನೆ. ಎಪಿಕ್ ಲಾಂಚರ್ ತೆರೆದುಕೊಳ್ಳುವ ಹೊತ್ತಿಗೆ ಟೀ ಕುಡಿದು ಬರಬಹುದು.

ಮಲ್ನಾಡ್_ಗೇಮರ್

ಕೋಡ್ ಸಾರ್, ನಿಮ್ಮ ಗೇಮ್ ಎಲ್ಲೆಲ್ಲಿ ಬಿಡುತ್ತೀರಿ? ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೆ ಸ್ಟೀಮ್ ಬಿಡುತ್ತೀರಾ?

ಕೋಡ್_ಮತ್ತು_ಕಾಫಿ

ಬಿಟ್ಟು ಎಲ್ಲಿಗೆ ಹೋಗಲಿ? ಮೊದಲು ಸ್ಟೀಮ್, ಅವರ ಡೆಮೊ ಹಬ್ಬ ನೆಕ್ಸ್ಟ್ ಫೆಸ್ಟ್‌ಗೆ ನನ್ನ ಡೆಮೊ. ಜೊತೆಗೆ ಇಚ್. ಎಪಿಕ್ ಆಮೇಲೆ ನೋಡೋಣ.

ಮಲ್ನಾಡ್_ಗೇಮರ್

ಇಚ್‌ನಲ್ಲಿ ಅವರಿಗೆ ಎಷ್ಟು ಕೊಡಬೇಕು ಅಂತ ನೀವೇ ತೀರ್ಮಾನ ಮಾಡಬಹುದಲ್ಲ. ಅಲ್ಲಿ 420ಕ್ಕೆ ಕೊಡುತ್ತೀರಾ?

ಕೋಡ್_ಮತ್ತು_ಕಾಫಿ

ಇಲ್ಲ, ಅಲ್ಲೂ 499. ಕೇಸಿನ ತೀರ್ಪು ಬರುವವರೆಗೆ ನನ್ನ ಮೊದಲ ಗೇಮ್ ಮೇಲೆ ಆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಇಚ್‌ನಲ್ಲಿ ಹೇಳಿದ ಬೆಲೆಗಿಂತ ಜಾಸ್ತಿ ಕೊಡುವ ಅವಕಾಶ ಇದೆ. ಬೇಕಾದವರು ಅಲ್ಲಿ 550 ಕೊಡಿ, ನಾನು ಬೇಡ ಅನ್ನಲ್ಲ.